ರಾಜಕ್ಕನ ಶುದ್ಧ ಸಸ್ಯಾಹಾರಿ ಬೆಕ್ಕು

ಬಸವೇಶ್ವರನಗರದಲ್ಲಿ ಬಸವರಾಜೇಶ್ವರಿಯ ಮನೆ ಯಾವುದು ಎಂದು ಕೇಳಿದರೆ ಪಕ್ಕದ ಬೀದಿಯವರೂ ತಲೆ ಕೆರೆದುಕೊಳ್ಳುತ್ತಾರೆ. ರೊಟ್ಟಿ ರಾಜಕ್ಕ ಎನ್ನಿ, ಆಟೋದವನೇ ಗೇಟಿನ ಮುಂದೆ ತಂದು ನಿಲ್ಲಿಸುತ್ತಾನೆ. ಗಂಡ ಸಿದ್ದಲಿಂಗೇಶ್ ಕಾರ್ಖಾನೆಯ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಮಗಳು ವಚನಾ ಆಗಿನ್ನೂ ತೊದಲುತ್ತಿದ್ದಳು. ದಾವಣಗೆರೆಯ ತವರಿನವರು ಬಂದುಬಿಡು ಎಂದರು, ರಾಜಕ್ಕ ಹೋಗಲಿಲ್ಲ. ಅವರಿಂದ ಒಂದು ಕಬ್ಬಿಣದ ಹಂಚು, ಹಿಟ್ಟು ನಾದುವ ಒಂದು ಹಿತ್ತಾಳೆ ಪರಾತ ತರಿಸಿಕೊಂಡು ಜೋಳದ ರೊಟ್ಟಿ ಬಡಿಯಲು ಕೂತಳು. ಬಡಿಯುತ್ತ ಬಡಿಯುತ್ತಲೇ ಮಗಳನ್ನು ಓದಿಸಿದಳು, ಬಾಡಿಗೆಗಿದ್ದ ಮನೆಯನ್ನೇ ಕೊಂಡುಕೊಂಡಳು. ಈಗ ಇಬ್ಬರು ಹೆಂಗಸರು ಅವಳ ಕೈಕೆಳಗೆ ಕೆಲಸ ಮಾಡುತ್ತಾರೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಲಿಂಗಾಯತರ ಮನೆಯಲ್ಲಿ ಗೃಹಪ್ರವೇಶವಾಗಲಿ, ಸೀಮಂತವಾಗಲಿ, ರೊಟ್ಟಿ ಮಾತ್ರ ಅವಳ ಮನೆಯದೇ ಆಗಬೇಕು.

ರುಚಿ ಒಂದು ಕಾರಣ. ದೊಡ್ಡ ಕಾರಣ ಆ ಅಡುಗೆಮನೆಯ ಶುದ್ಧಿ. ಕೆಲಸದ ಹೆಂಗಸರು ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡೇ ಒಳಗೆ ಬರಬೇಕು. ಮೊಟ್ಟೆ ಹಾಕಿದ ಕೇಕು ಮನೆಯ ಹೊಸ್ತಿಲು ದಾಟುವಂತಿಲ್ಲ. ವಚನಾಳ ಹುಟ್ಟುಹಬ್ಬಕ್ಕೆ ಗೆಳತಿಯರು ತಂದ ಕೇಕನ್ನು ಗೇಟಿನ ಹೊರಗೆ, ಸ್ಕೂಟರಿನ ಸೀಟಿನ ಮೇಲಿಟ್ಟು ಕತ್ತರಿಸಿದ್ದೂ ಉಂಟು. "ರಾಜಕ್ಕನ ಮನೇದಾ? ಹಾಗಾದ್ರೆ ಕಣ್ಣು ಮುಚ್ಕೊಂಡು ತಿನ್ನಬಹುದು" ಎಂದು ಗಿರಾಕಿಗಳು ಹೇಳಿದ್ದು ಕಿವಿಗೆ ಬಿದ್ದರೆ ಅವಳಿಗೆ ಅವತ್ತಿನ ಸೊಂಟನೋವೇ ಮರೆತುಹೋಗುತ್ತಿತ್ತು.

ಈ ನಿಯಮ ಮನೆಯ ಬೆಕ್ಕಿಗೂ ಇತ್ತು. ಬೆಕ್ಕಿನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಬೂದು ಬಣ್ಣಕ್ಕೆ ನೀಲಿ ಛಾಯೆಯಿದ್ದ ಹೆಣ್ಣು ಬೆಕ್ಕು. ಮರಿಯಾಗಿದ್ದಾಗ ಹಿಟ್ಟಿನ ಡಬ್ಬದ ಹಿಂದೆ ನಡುಗುತ್ತ ಕೂತಿತ್ತು. ರಾಜಕ್ಕ ಅದಕ್ಕೆ ನೀಲವ್ವ ಎಂದು ಹೆಸರಿಟ್ಟು, ಹಾಲನ್ನ ಕಲಸಿ ತುತ್ತು ಮಾಡಿ ಉಣಿಸಿ, ಎರಡನೆಯ ಮಗಳಂತೆ ಸಾಕಿದಳು. ಬೆಳಿಗ್ಗೆ ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ನೀಲವ್ವ ಪಕ್ಕದ ಮಣೆಯ ಮೇಲೆ ಕಾಲು ಮಡಚಿ ಕೂರುತ್ತಿತ್ತು. ಪೂಜೆ ಮುಗಿದ ಮೇಲೆ ಅದರ ಹಣೆಗೂ ಒಂದು ಗೆರೆ ವಿಭೂತಿ. ಮಧ್ಯಾಹ್ನ ತುಪ್ಪ ಸವರಿದ ರೊಟ್ಟಿಯ ಚೂರು, ಸಂಜೆ ಮೊಸರನ್ನ. ಗಿರಾಕಿಗಳು ಮಕ್ಕಳನ್ನು ಕರೆತಂದು, "ನೋಡು, ಇದೇ ಶುದ್ಧ ಸಸ್ಯಾಹಾರಿ ಬೆಕ್ಕು" ಎಂದು ತೋರಿಸುತ್ತಿದ್ದರು. ಯಾರೋ ಫೋಟೋ ತೆಗೆದು ಸಮಾಜದ ವಾಟ್ಸಾಪ್ ಗುಂಪಿಗೂ ಹಾಕಿದ್ದರು. ನೂರಾರು ಕೈ ಮುಗಿದ ಚಿತ್ರಗಳು ಬಂದಿದ್ದವು. ಆ ಫೋಟೋವನ್ನು ರಾಜಕ್ಕ ಎಷ್ಟು ಸಲ ತೆಗೆದು ನೋಡಿದಳೋ ಅವಳಿಗೇ ಗೊತ್ತು.

ಆದರೆ ನೀಲವ್ವ ನಿಜಕ್ಕೂ ಸಸ್ಯಾಹಾರಿಯಾಗಿ ಎರಡು ವರ್ಷವಷ್ಟೇ ಆಗಿತ್ತು. ಅದಕ್ಕೂ ಮುಂಚಿನದು ಬೇರೆಯೇ ಕಥೆ.

ಕಾಂಪೌಂಡಿನ ಆಚೆ ಪುಟ್ಟಲಕ್ಷ್ಮಿಯ ಮನೆ. ಮಂಡ್ಯ ಕಡೆಯವಳು, ಹೊಲಿಗೆ ಕೆಲಸದವಳು, ಬಾಯಿ ಸ್ವಲ್ಪ ಜೋರು. ಭಾನುವಾರ ಮೀನಿನ ಸಾರು ಮಾಡಿದರೆ ತಲೆ, ಬಾಲ ಎಲ್ಲ ಗೋಡೆಯ ಮೇಲಿಟ್ಟು "ಬಾರೇ ಕಳ್ಳೀ" ಎಂದು ಕರೆಯುತ್ತಿದ್ದಳು. ವಾರದ ಮಧ್ಯೆ ಕೋಳಿಯ ಚೂರೋ, ಬೇಯಿಸಿದ ಮೀನೋ ಇರುತ್ತಿತ್ತು. ನೀಲವ್ವ ಈಚೆ ಹಾಲನ್ನ ಮೂಸಿ ನೋಡಿ ಆಚೆ ಹೊಟ್ಟೆ ತುಂಬಿಸಿಕೊಂಡು ಬಂದು ಪೂಜೆಗೆ ಕೂರುತ್ತಿತ್ತು. ರಾಜಕ್ಕನಿಗೆ ಇದು ವರ್ಷಾನುಗಟ್ಟಲೆ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಒಂದು ಶ್ರಾವಣ ಸೋಮವಾರ. ಕಣ್ಣು ಮುಚ್ಚಿ ಪೂಜೆಯಲ್ಲಿದ್ದವಳಿಗೆ ಏನೋ ನಾತ ಬಡಿಯಿತು. ಕಣ್ಣು ಬಿಟ್ಟರೆ ಮಣೆಯ ಮೇಲೆ ಮೀನಿನ ತಲೆ! ನೀಲವ್ವ ಪಾಪ, ತನಗೆ ಸಿಕ್ಕ ಒಳ್ಳೆಯದನ್ನು ಯಜಮಾನಿಗೂ ತಂದಿಟ್ಟಿತ್ತು.

ಅವತ್ತು ಗೋಡೆಯ ಆಚೆ ಈಚೆ ನಡೆದ ಜಗಳವನ್ನು ಬೀದಿ ಇನ್ನೂ ಮರೆತಿಲ್ಲ.

"ಪೂಜೆ ಮಾಡೋ ಜಾಗಕ್ಕೆ ಹೆಣ ತಂದು ಹಾಕಿಸಿದೀಯಲ್ಲ, ನಿಂಗೇನಾದ್ರೂ ಬುದ್ಧಿ ಇದೆಯಾ?" ಎಂದು ರಾಜಕ್ಕ ಕೂಗಿದಳು.

"ಬೆಕ್ಕು ಮೀನು ತಿನ್ನದೆ ವಿಭೂತಿ ತಿನ್ನತ್ತಾ ರಾಜಕ್ಕ? ಅದರ ಜಾತಿ ಕೆಡಿಸ್ತಿರೋರು ನೀವು" ಎಂದಳು ಪುಟ್ಟಲಕ್ಷ್ಮಿ.

ಆ ವಾರದಲ್ಲೇ ಹಿಂದಿನ ಅಂಗಳಕ್ಕೆ, ಮಹಡಿಗೆ, ಕಿಟಕಿಗಳಿಗೆ ಬಲೆ ಬಂತು. ಹಲ್ಲಿ ಕಂಡರೆ ಪೊರಕೆ ಹಿಡಿದು ಓಡಿಸುವ ಕೆಲಸ ಹೆಂಗಸರಿಗೆ ಬಿತ್ತು. ನೀಲವ್ವ ಕೆಲವು ದಿನ ಆ ಗೋಡೆಯ ಕಡೆಗೆ ಮುಖ ಮಾಡಿ ಕೂಗಿತು, ಆಮೇಲೆ ಸುಮ್ಮನಾಯಿತು. ರಾಜಕ್ಕನಿಗೆ ಅದು ಬುದ್ಧಿ ಬಂದ ಹಾಗೆ ಕಂಡಿತು. ಪುಟ್ಟಲಕ್ಷ್ಮಿಯ ಜೊತೆ ಮಾತು ನಿಂತಿತು. ಹಾಲನ್ನ ಹೆಚ್ಚು ತಿನ್ನುತ್ತಿಲ್ಲವೆಂದು ಅನ್ನಿಸಿದಾಗ ರಾಜಕ್ಕ ಮಾರೇನಹಳ್ಳಿಯ ಅಂಗಡಿಯೊಂದಕ್ಕೆ ಹೋಗಿ, ಬೆಕ್ಕಿನ ಆಹಾರದ ಪೊಟ್ಟಣಗಳನ್ನೆಲ್ಲ ತಿರುಗಿಸಿ ನೋಡಿದಳು. ಎಲ್ಲದರ ಮೇಲೂ ಮಾಂಸಾಹಾರದ ಗುರುತು. ಕೊನೆಗೆ ನಾಯಿಯ ಪೊಟ್ಟಣವೊಂದರ ಮೇಲೆ ಹಸಿರು ಚುಕ್ಕೆ ಕಂಡಿತು. ನಾಯಿಗೆ ಆಗುವುದು ಬೆಕ್ಕಿಗೆ ಯಾಕೆ ಆಗಬಾರದು ಎಂದುಕೊಂಡು ಅದನ್ನೇ ತಂದಳು. ಅಂಗಡಿಯವನೂ ತಡೆಯಲಿಲ್ಲ.

ಕಣ್ಣಿನ ವಿಷಯ ಗೊತ್ತಾದದ್ದು ತೀರ ಆಕಸ್ಮಿಕವಾಗಿ. ಮಳೆ ನೀರು ಒಸರುತ್ತದೆಂದು ಹಿಟ್ಟಿನ ದೊಡ್ಡ ಡಬ್ಬವನ್ನು ಗೋಡೆಯಿಂದ ಬಾಗಿಲ ಬಳಿಗೆ ಸರಿಸಿದ್ದರು. ನೀಲವ್ವ ಎಂದಿನಂತೆ ನಡೆದು ಬಂದದ್ದೇ ಡಬ್ಬಕ್ಕೆ ಹಣೆ ಬಡಿದುಕೊಂಡಿತು. ಹಿಂದೆ ಸರಿದು, ಮತ್ತೆ ಬಂದು, ಮತ್ತೆ ಬಡಿದುಕೊಂಡಿತು. ಹೆಂಗಸರು ನಕ್ಕರು. ರಾಜಕ್ಕನೂ ನಕ್ಕಳು. ಆಮೇಲೆ ಅದನ್ನು ಎತ್ತಿ ಬೆಳಕಿಗೆ ಹಿಡಿದಾಗ ನಗು ನಿಂತಿತು. ಹಗಲಿನಲ್ಲಿ ಗೆರೆಯಂತೆ ಸಣ್ಣಗಿರಬೇಕಾದ ಕಣ್ಣಿನ ಪಾಪೆ ಇಡೀ ಕಣ್ಣನ್ನು ತುಂಬಿಕೊಂಡು ಕಪ್ಪಗೆ ನಿಂತಿತ್ತು. ಉಸಿರಾಡುವಾಗ ಪಕ್ಕೆಗಳು ಜೋರಾಗಿ ಏಳುತ್ತಿದ್ದವು. ತನಗೆ ಪೊರೆಯ ಆಪರೇಷನ್ ಆದಾಗ ಉಳಿದಿದ್ದ ಕಣ್ಣಿನ ಹನಿಯನ್ನು ಹಾಕಿ ನೋಡಿದಳು, ಉಪಯೋಗವಾಗಲಿಲ್ಲ. ಸಂಜೆ ಜ್ಞಾನಭಾರತಿಯಿಂದ ಬಂದ ವಚನಾ, ಎಂ.ಎ. ಓದುವ ಹುಡುಗಿ, ಬೆಕ್ಕಿನ ಕಣ್ಣ ಮುಂದೆ ಬೆರಳಾಡಿಸಿ ನೋಡಿ ಬಿಳಚಿಕೊಂಡಳು. "ಅಮ್ಮಾ, ಇವಳಿಗೆ ಏನೂ ಕಾಣಿಸ್ತಿಲ್ಲ. ಏಳು, ಡಾಕ್ಟರ್ ಹತ್ರ ಹೋಗೋಣ" ಎಂದಳು.

ವಿಜಯನಗರದ ಒಂದು ಮಹಡಿಯ ಮೇಲಿದ್ದ ಚಿಕ್ಕ ಕ್ಲಿನಿಕ್. ಡಾಕ್ಟರ್ ಮೇಧಾ ಚಿಕ್ಕ ವಯಸ್ಸಿನವಳು, ಸಣ್ಣ ದನಿಯವಳು. ಟಾರ್ಚು ಬಿಟ್ಟು ಕಣ್ಣು ನೋಡಿದಳು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು, ಸ್ಕ್ಯಾನ್ ಮಾಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಇವಳಿಗೆ ಊಟಕ್ಕೆ ಏನ್ ಹಾಕ್ತೀರಾ ಆಂಟಿ?"

ಈ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ರಾಜಕ್ಕನಿಗೆ ಯಾವತ್ತೂ ಹಿಗ್ಗು. ಹಾಲನ್ನ, ಮೊಸರನ್ನ, ತುಪ್ಪದ ರೊಟ್ಟಿ, ಹಸಿರು ಚುಕ್ಕೆಯ ಪೊಟ್ಟಣ ಎಲ್ಲವನ್ನೂ ಹೇಳಿ, "ಮೊಟ್ಟೆ ಕೂಡ ಮುಟ್ಟಿಸಿಲ್ಲ ಡಾಕ್ಟ್ರೇ. ಪೂಜೆಗೆ ಕೂರೋ ಬೆಕ್ಕು ನಮ್ಮದು" ಎಂದಳು. ಯಾರೂ ಮೆಚ್ಚಿಕೊಳ್ಳಲಿಲ್ಲ. ವಚನಾ ನೆಲ ನೋಡುತ್ತಿದ್ದಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ" ಎಂದಳು ಮೇಧಾ. "ಮಾಂಸದಲ್ಲಿ, ಮೀನಲ್ಲಿ ಟಾರಿನ್ ಅಂತ ಒಂದು ಸತ್ವ ಇರತ್ತೆ. ನಮ್ಮ ಮೈ ಅದನ್ನ ತಾನೇ ಮಾಡ್ಕೊಳ್ಳತ್ತೆ, ನಾಯಿ ಮೈನೂ ಸುಮಾರಾಗಿ ಮಾಡ್ಕೊಳ್ಳತ್ತೆ. ಬೆಕ್ಕಿನ ಮೈಗೆ ಸಾಲೋಷ್ಟು ಮಾಡ್ಕೊಳ್ಳೋಕೆ ಬರಲ್ಲ. ತಿಂದೇ ಪಡ್ಕೋಬೇಕು. ಅನ್ನ, ರೊಟ್ಟೀಲಿ ಅದು ಇಲ್ಲ. ಹಾಲಲ್ಲಿ ಇರೋದು ಯಾತಕ್ಕೂ ಸಾಲಲ್ಲ. ವರ್ಷಗಟ್ಟಲೆ ಸಿಗದಿದ್ರೆ ಮೊದಲು ಕಣ್ಣಿನ ಪರದೆ ಹೋಗತ್ತೆ, ಆಮೇಲೆ ಹೃದಯ ಹಿಗ್ಗಿ ಹಿಗ್ಗಿ ತೆಳ್ಳಗಾಗತ್ತೆ. ಇವಳಿಗೆ ಎರಡೂ ಆಗಿದೆ."

ರಾಜಕ್ಕ, "ಆರು ವರ್ಷದಿಂದ ಹೀಗೇ ಸಾಕಿದೀನಲ್ಲ. ಮೊದಲೆಲ್ಲ ಚೆನ್ನಾಗೇ ಇತ್ತಲ್ಲ" ಎಂದಳು.

"ಮೊದಲು ಹೊರಗೆ ಎಲ್ಲಾದ್ರೂ ತಿಂತಿದ್ಲಾ?"

ಉತ್ತರ ಕೊಟ್ಟವಳು ವಚನಾ. ಗೋಡೆ, ಪುಟ್ಟಲಕ್ಷ್ಮಿ, ಮೀನಿನ ತಲೆ, ಬಲೆ ಎಲ್ಲವನ್ನೂ ಹೇಳಿದಳು. ಮೇಧಾ ತಲೆಯಾಡಿಸಿ, "ಅಷ್ಟು ವರ್ಷ ಇವಳ ಕಣ್ಣು ಉಳಿಸಿರೋದು ಆ ಮೀನು" ಎಂದಳು. ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ರಾಜಕ್ಕ ತಿರುಗಿಸಿ ಬೈದು ಹಗುರಾಗುತ್ತಿದ್ದಳು.

ಹೋದ ಕಣ್ಣು ವಾಪಸು ಬರುವುದಿಲ್ಲ, ಹೃದಯಕ್ಕೆ ಇನ್ನೂ ಅವಕಾಶವಿದೆ ಎಂದಳು ಡಾಕ್ಟರ್. ಮೀನಿನ ಮೆತ್ತನೆಯ ಆಹಾರದ ಪೊಟ್ಟಣಗಳು, ಟಾರಿನ್ ಪುಡಿ, ಹೃದಯದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ ಕೊಟ್ಟಳು.

"ಬರೀ ಪುಡೀನ ಹಾಲನ್ನಕ್ಕೆ ಕಲಸಿ ಕೊಟ್ರೆ ಆಗಲ್ವಾ ಡಾಕ್ಟ್ರೇ?"

"ಇಷ್ಟು ಸೋತಿರೋ ಬೆಕ್ಕಿಗೆ ಸಾಲಲ್ಲ ಆಂಟಿ. ಮೀನಲ್ಲಿ ಕಲಸಿದ್ರೆ ಮಾತ್ರೆನೂ ತಿಂತಾಳೆ. ಒಂದು ದಿನಾನೂ ತಪ್ಪಿಸ್ಬೇಡಿ. ಇಂಥ ಹೃದಯದಲ್ಲಿ ರಕ್ತ ಗಟ್ಟಿಯಾಗಿ ಹಿಂಗಾಲಿಗೆ ಹೋಗಿ ಸಿಕ್ಕಾಕೊಂಡ್ರೆ ನನ್ನ ಕೈಲೂ ಏನೂ ಆಗಲ್ಲ."

ಪೊಟ್ಟಣಗಳು ಮನೆಯೊಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲಿನಿಂದ ಮಹಡಿಗೆ ಹೋದವು, ಒಗೆಯುವ ಕಲ್ಲಿನ ಪಕ್ಕ ಬೋರಲು ಹಾಕಿದ ಬಕೆಟ್ಟಿನ ಕೆಳಗೆ ಕೂತವು. ಕೆಲಸದ ಹೆಂಗಸರು ಬರುವುದಕ್ಕೆ ಮುಂಚೆ ಒಮ್ಮೆ, ಹೋದ ಮೇಲೆ ಒಮ್ಮೆ ರಾಜಕ್ಕ ಮಹಡಿ ಹತ್ತುತ್ತಿದ್ದಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು, ಮೂಗಿಗೂ ಸೆರಗು ಸುತ್ತಿಕೊಂಡು, ಉದ್ದ ಹಿಡಿಯ ಹಳೆಯ ಸೌಟಿನಿಂದ ಪೊಟ್ಟಣದೊಳಗಿನದನ್ನು ತಟ್ಟೆಗೆ ತಳ್ಳಿ, ಪುಡಿ, ಮಾತ್ರೆ ಕಲಸಿ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಆಮೇಲೆ ಸ್ನಾನ.

ಮೊದಲ ದಿನ ಮಾತ್ರ ಮುಖ ತಿರುಗಿಸಲು ಆಗಲಿಲ್ಲ. ವಾಸನೆ ಸಿಕ್ಕಿದ್ದೇ ನೀಲವ್ವ ತಟ್ಟೆಯ ಮೇಲೆ ಬಿದ್ದುಬಿಟ್ಟಿತು. ಗುರ್ ಎನ್ನುತ್ತ, ಯಾರೋ ಕಿತ್ತುಕೊಳ್ಳುತ್ತಾರೆಂಬಂತೆ ಎರಡೂ ಮುಂಗಾಲಿನಿಂದ ತಟ್ಟೆಯನ್ನು ಒತ್ತಿ ಹಿಡಿದು ತಿಂದಿತು. ತಟ್ಟೆ ನೆಕ್ಕಿ, ನೆಲ ನೆಕ್ಕಿ, ಸೌಟು ನೆಕ್ಕಿತು. ಅವಳ ಹಾಲನ್ನವನ್ನು ಅದು ಒಂದು ದಿನವೂ ಹೀಗೆ ತಿಂದದ್ದಿಲ್ಲ. ಎರಡು ವರ್ಷ ಮಣೆಯ ಮೇಲೆ ಕಾಲು ಮಡಚಿ ಕೂತಿದ್ದ ಶಾಂತಿ ಭಕ್ತಿಯಲ್ಲ, ನಿತ್ರಾಣ ಎಂದು ರಾಜಕ್ಕನಿಗೆ ಅಲ್ಲಿ ನಿಂತಲ್ಲೇ ಅರ್ಥವಾಯಿತು. ಒಗೆಯುವ ಕಲ್ಲಿನ ಮೇಲೆ ಕೂತಳು.

ವಾರ ಕಳೆಯುವಷ್ಟರಲ್ಲಿ ನೀಲವ್ವನ ಮೈಗೆ ಸ್ವಲ್ಪ ಕಸುವು ಬಂತು. ಕುರುಡುಗಣ್ಣಿನಲ್ಲೇ ಮೆಟ್ಟಿಲನ್ನು ಲೆಕ್ಕ ಹಿಡಿದು ಹತ್ತಿ, ಬೋರಲು ಬಕೆಟ್ಟಿನ ಪಕ್ಕ ಹೋಗಿ ಕಾಯುವುದನ್ನು ಕಲಿಯಿತು. ಉಸಿರಾಟ ತಗ್ಗಿತು. "ನೋಡಮ್ಮ, ಬದುಕ್ಕೋತಾಳೆ" ಎಂದಳು ವಚನಾ. ಕಾಲೇಜಿನವರ ಜೊತೆ ಹಳ್ಳಿಗಳ ಅಧ್ಯಯನಕ್ಕೆಂದು ಹೊರಟಾಗ ಬಾಗಿಲಲ್ಲಿ ನಿಂತು, "ಒಂದು ಹೊತ್ತೂ ತಪ್ಪಿಸ್ಬೇಡಮ್ಮ, ಪ್ಲೀಸ್" ಎಂದು ಕೈ ಹಿಡಿದು ಹೇಳಿಯೇ ಹೋದಳು.

ಅವಳು ಹೋದ ಮಾರನೆಯ ದಿನವೇ ಶಿವರಂಜನಿ ಬಂದಳು. ಸಮಾಜದ ಮಹಿಳಾ ಸಂಘದ ಅಧ್ಯಕ್ಷೆ, ರಾಜಕ್ಕನಿಗೆ ಎಷ್ಟೋ ಗಿರಾಕಿಗಳನ್ನು ಕೊಟ್ಟವಳು. ಆ ವಾರದ ಕೊನೆಗೆ ಸಾಮೂಹಿಕ ಲಿಂಗಪೂಜೆ, ದಾಸೋಹಕ್ಕೆ ರೊಟ್ಟಿ ಎಲ್ಲ ಇಲ್ಲಿಂದಲೇ ಎಂದು ಹೇಳಲು ಬಂದಿದ್ದಳು. ಒಣಹಾಕಿದ ರೊಟ್ಟಿ ನೋಡೋಣವೆಂದು ಮಹಡಿಗೂ ಬಂದಳು. ಬಂದವಳು ಮೂಗು ಅರಳಿಸಿದಳು.

"ರಾಜಕ್ಕ, ಏನಿದು ವಾಸನೆ? ಮೀನಿನ ಥರ?"

ಬಕೆಟ್ಟು ಎರಡು ಮಾರು ದೂರದಲ್ಲಿತ್ತು. ನೀಲವ್ವ ಅದರ ಪಕ್ಕದಲ್ಲೇ ಬಾಲ ಸುತ್ತಿಕೊಂಡು ಕಾಯುತ್ತ ಕೂತಿತ್ತು. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಬೆಕ್ಕಿಗೆ ಕಾಯಿಲೆ, ಡಾಕ್ಟರು ಹೇಳಿದ್ದಾರೆ, ಮನೆಯ ಒಳಗೆ ತಂದಿಲ್ಲ. ಶಿವರಂಜನಿ ಕೇಳಿಕೊಳ್ಳುತ್ತಿದ್ದಳೋ ಏನೋ. ಆದರೆ ಇಪ್ಪತ್ತು ವರ್ಷ ಕೈ ಸುಟ್ಟುಕೊಂಡು ಸಂಪಾದಿಸಿದ ಹೆಸರು ಬಾಯಿಗೆ ಅಡ್ಡ ಬಂತು.

"ನಮ್ಮದಲ್ಲಮ್ಮ, ಶಿವಶಿವಾ! ಪಕ್ಕದ ಮನೆಯವಳದ್ದು" ಎಂದು ಗೋಡೆಯ ಕಡೆಗೆ ಕೈ ತೋರಿಸಿದಳು. "ಏನ್ ಮಾಡೋದು ಹೇಳಿ, ಎಷ್ಟು ಸಲ ಹೇಳಿದ್ರೂ ಅಷ್ಟೇ. ಅಂಥ ಜನ."

ಆಚೆ ಪುಟ್ಟಲಕ್ಷ್ಮಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿಸಿಕೊಂಡಳು. ಸದಾ ಜೋರು ಬಾಯಿಯವಳು ಅವತ್ತು ಒಂದು ಮಾತೂ ಆಡದೆ, ಅರ್ಧ ಒಣಹಾಕಿದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಹೋದಳು.

ಶಿವರಂಜನಿಯ ಕಾರು ಮರೆಯಾದ ಕೂಡಲೇ ರಾಜಕ್ಕ ಪೊಟ್ಟಣಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದಳು. ಮಹಡಿಯನ್ನು ಮೂರು ಸಲ ತೊಳೆದಳು. ದಾಸೋಹ ಮುಗಿಯುವವರೆಗೆ ಮಾತ್ರ, ಒಂದೇ ವಾರ, ಆಮೇಲೆ ಮತ್ತೆ ತರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಲನ್ನಕ್ಕೆ ಪುಡಿ, ಮಾತ್ರೆ ಕಲಸಿಟ್ಟಳು. ನೀಲವ್ವ ಮೂಸಿ ನೋಡಿ ಹಿಂದೆ ಸರಿಯಿತು. ಬಾಯಿ ತೆರೆದು ಮಾತ್ರೆ ಹಾಕಲು ಹೋದರೆ ನೊರೆ ಕಾರಿ ಉಗುಳಿತು. ಹಗಲೆಲ್ಲ ಬರಿದಾದ ಬಕೆಟ್ಟಿನ ಪಕ್ಕ ಕೂತಿರುತ್ತಿತ್ತು. ರಾಜಕ್ಕ ಮೆಟ್ಟಿಲು ಹತ್ತಿದ ಸದ್ದಾದರೆ ಎದ್ದು, ಕಾಣದ ಕಣ್ಣನ್ನು ಅವಳ ಕಡೆಗೆ ಎತ್ತಿ ಒಂದು ಸಲ ಕೂಗುತ್ತಿತ್ತು. ಅವಳು ರೊಟ್ಟಿ ಹರವಿ, ಅದರ ಕಡೆ ನೋಡದೆ ಇಳಿದು ಬರುತ್ತಿದ್ದಳು. ಆ ವಾರ ಉಸಿರಾಡಲೂ ಪುರುಸೊತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತೆಂದುಕೊಂಡಳು.

"ನೀಲವ್ವ ಊಟ ಮಾಡ್ತಿದಾಳಾ ಅಮ್ಮ?" ಎಂದು ವಚನಾ ಫೋನಿನಲ್ಲಿ ಕೇಳಿದಳು.

"ಹೂಂ ಕಣೇ, ಮಾಡ್ತಿದಾಳೆ" ಎಂದಳು.

ದಾಸೋಹದ ಬೆಳಿಗ್ಗೆ ಗೇಟಿನಲ್ಲಿ ಟೆಂಪೋ ಬಂದು ನಿಂತಿತ್ತು. ಕೊನೆಯ ರೊಟ್ಟಿಗಳು ಹಂಚಿನ ಮೇಲಿದ್ದವು. ಮಹಡಿಯಿಂದ ಒಂದು ಕೂಗು ಕೇಳಿಸಿತು. ಹಸಿದ ಬೆಕ್ಕಿನ ಕೂಗಲ್ಲ. ಹಸುಗೂಸು ಕಿರುಚಿದ ಹಾಗಿತ್ತು. ಹೆಂಗಸರು ಕೈ ನಿಲ್ಲಿಸಿದರು.

"ಅಕ್ಕ, ಬೆಕ್ಕು..."

"ಹೊಟ್ಟೆಗೆ ಕೇಳ್ತಿದೆ, ಇನ್ನೇನು. ಇದು ಇಳಿಸಿ ಹೋಗ್ತೀನಿ" ಎಂದಳು ರಾಜಕ್ಕ. ಕೈ ಬಡಿಯುತ್ತಲೇ ಇತ್ತು. ಕೂಗು ಇನ್ನೊಮ್ಮೆ ಬಂತು, ಮತ್ತೊಮ್ಮೆ ಬಂತು, ಆಮೇಲೆ ನಿಂತಿತು. ನಿಂತದ್ದೇ ಅವಳಿಗೆ ಸಮಾಧಾನವಾಯಿತು. ಬುಟ್ಟಿಗಳನ್ನು ಟೆಂಪೋಗೆ ಏರಿಸಿ, ಲೆಕ್ಕ ಹೇಳಿ ಕಳಿಸಿ, ಕೈಯೊರೆಸಿಕೊಂಡು ಮೆಟ್ಟಿಲು ಹತ್ತಿದಳು.

ಪುಟ್ಟಲಕ್ಷ್ಮಿ ಆಗಲೇ ಅಲ್ಲಿದ್ದಳು. ಕೂಗು ಕೇಳಿ ತಡೆಯಲಾಗದೆ, ತನ್ನ ಹೊಲಿಗೆಯ ಕತ್ತರಿಯಿಂದ ಬಲೆ ಕತ್ತರಿಸಿಕೊಂಡು, ಗೋಡೆ ದಾಟಿ, ಮೆಟ್ಟಿಲು ಹತ್ತಿ ಬಂದಿದ್ದಳು. ನೀಲವ್ವ ಅವಳ ಮಡಿಲಲ್ಲಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಹಿಂಗಾಲು ಎರಡೂ ಒದ್ದೆ ಬಟ್ಟೆಯಂತೆ ಜೋತಿದ್ದವು. ರಾಜಕ್ಕ ಮುಟ್ಟಿ ನೋಡಿದಳು. ಹಂಚಿನ ಬಿಸಿಗೆ ಪಳಗಿದ ಅವಳ ಕೈಗೆ ಆ ಪಾದಗಳು ತಣ್ಣಗೆ ಕಲ್ಲಿನಂತೆ ತಾಕಿದವು.

"ನಿಂತ್ಕೊಂಡು ಏನ್ ನೋಡ್ತಿದೀರ? ಆಟೋ ಕರೀರಿ!" ಎಂದು ಪುಟ್ಟಲಕ್ಷ್ಮಿ ಅರಚಿದಳು.

ಆಟೋದಲ್ಲಿ ಇಬ್ಬರ ನಡುವೆ ಟವೆಲಿನಲ್ಲಿ ಸುತ್ತಿದ ನೀಲವ್ವ. ಎರಡು ವರ್ಷದ ಮೇಲೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ರಾಜಕ್ಕ ತಡವರಿಸುತ್ತ, ಡಾಕ್ಟರು ಹೇಳಿದ್ದು, ಪೊಟ್ಟಣ ಎಸೆದದ್ದು, ಎಲ್ಲವನ್ನೂ ಹೇಳಿದಳು. "ನಿನ್ನ ಮೀನೇ ಇದರ ಕಣ್ಣು ಕಾಪಾಡಿತ್ತಂತೆ" ಎಂದಳು.

ಪುಟ್ಟಲಕ್ಷ್ಮಿ ಟವೆಲಿನ ಅಂಚನ್ನು ಬೆಕ್ಕಿನ ಕಾಲಿನ ಮೇಲೆ ಎಳೆದಳು. "ಬಲೆ ಹಾಕಿದ ಮೇಲೆ ಎಷ್ಟೋ ದಿನ ಗೋಡೆ ಹತ್ರ ಕೂತು ನನ್ನನ್ನೇ ಕರೀತಿತ್ತು" ಎಂದಳು. "ಬಲೆ ಸಂದೀಲಿ ಒಂದು ಚೂರು ತೂರಿಸೋದು ನಂಗೇನು ಕಷ್ಟ ಇರ್ಲಿಲ್ಲ. ನಿಮ್ಮ ಮೇಲಿನ ಸಿಟ್ಟಿಗೆ ಸುಮ್ನಿದ್ದೆ. ಸಾಯ್ಲಿ ಅಂದ್ಕೊಂಡೆ."

ಮೇಧಾ ಪಾದ ಮುಟ್ಟಿ ನೋಡಿದವಳು ಮುಖ ಎತ್ತಲಿಲ್ಲ. ನೋವಿಗೆ ಒಂದು ಇಂಜೆಕ್ಷನ್ ಕೊಟ್ಟಳು. ರಕ್ತದ ಗಂಟು ಹಿಂಗಾಲಿನ ದಾರಿ ಮುಚ್ಚಿದೆ, ಹೃದಯವೂ ಸೋತಿದೆ, ಉಳಿಸಿಕೊಂಡರೆ ನರಳಿಸಿದಂತೆ, ಅಷ್ಟೇ ಎಂದಳು. "ನೋವಿಲ್ಲದ ಹಾಗೆ ಮಲಗಿಸಿಬಿಡೋಣ್ವಾ ಆಂಟಿ?" ಎಂದು ಕೇಳಿದಳು. ಮಾತ್ರೆ ತಪ್ಪಿತ್ತಾ ಎಂದು ಅವಳು ಕೇಳಲಿಲ್ಲ.

ರಾಜಕ್ಕ ತಾನಾಗಿಯೇ ಹೇಳಿದಳು. "ತಪ್ಪಿಸಿದೆ ಡಾಕ್ಟ್ರೇ. ಆರು ದಿನ." ಆಮೇಲೆ, "ಅದಕ್ಕೆ ಮುಂಚೆ ಒಂದು ತುತ್ತು ಮೀನು ಕೊಡಬಹುದಾ?" ಎಂದಳು.

ಮೇಧಾ ಒಂದು ಪೊಟ್ಟಣ ಒಡೆದು ಕೊಟ್ಟಳು. ಸೌಟಿರಲಿಲ್ಲ. ಸೆರಗು ಭುಜದಿಂದ ಜಾರಿ ಕರಡಿಗೆ ಹೊರಗೆ ತೂಗುತ್ತಿತ್ತು, ಅದನ್ನು ಮುಚ್ಚುವ ನೆನಪೂ ಅವಳಿಗಾಗಲಿಲ್ಲ. ಲಿಂಗಪೂಜೆ ಮಾಡುವ, ರೊಟ್ಟಿ ಬಡಿಯುವ ಬಲಗೈಯ ಬೆರಳುಗಳಲ್ಲೇ ಮೀನನ್ನು ತೆಗೆದು ನೀಲವ್ವನ ಬಾಯಿಯ ಹತ್ತಿರ ಹಿಡಿದಳು. "ತಿನ್ನವ್ವ. ತಿನ್ನು ನನ್ನ ತಾಯಿ." ಮೂಗಿನ ಹೊಳ್ಳೆ ಒಮ್ಮೆ ಅದುರಿತು. ನಾಲಿಗೆ ಹೊರಗೆ ಬಂದು ಬೆರಳಿಗೆ ತಗಲಿತು, ಆದರೆ ನುಂಗುವ ಶಕ್ತಿ ಇರಲಿಲ್ಲ. ಮೀನು ಟವೆಲಿನ ಮೇಲೆ ಬಿತ್ತು. ಪುಟ್ಟಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡು, "ಕಳ್ಳೀ, ಬಾರೇ ಕಳ್ಳೀ" ಎಂದಳು. ಬೆಕ್ಕು ಆ ದನಿಯ ಕಡೆಗೆ ಕಿವಿ ತಿರುಗಿಸಿತು. ಸೂಜಿ ಚುಚ್ಚುವಾಗಲೂ ಕಿವಿ ಆ ಕಡೆಗೇ ಇತ್ತು.

ವಚನಾ ವಾಪಸು ಬಂದು ವಿಷಯ ತಿಳಿದ ಮೇಲೆ ತಾಯಿಯ ಮೇಲೆ ಕೂಗಾಡಲಿಲ್ಲ. "ಫೋನಲ್ಲಿ ಸುಳ್ಳು ಹೇಳಿದ್ಯಲ್ಲಮ್ಮ" ಎಂದಳು. ಅಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈಗಲೂ ಊಟ ಬಡಿಸಿದರೆ ತಾಯಿಯ ಮುಖ ನೋಡದೆ ಉಣ್ಣುತ್ತಾಳೆ.

ಕೆಲವು ವಾರಗಳಾದ ಮೇಲೆ ಶಿವರಂಜನಿ ಬಂದಳು, ಜೊತೆಗೆ ಮೊಮ್ಮಗಳು ಚೈತನ್ಯಾ. ದಾಸೋಹದ ರೊಟ್ಟಿಯನ್ನು ಜನ ಬಾಯಿ ತುಂಬ ಹೊಗಳಿದರೆಂದು ಹೇಳಿದಳು. ಹೋಗುವಾಗ ಮನೆಗೆಂದು ಕಟ್ಟಿಸಿಕೊಂಡ ರೊಟ್ಟಿಯ ಕಟ್ಟು ಅವಳ ಕೈಯಲ್ಲಿತ್ತು.

"ರಾಜಕ್ಕ, ಇವಳಿಗೆ ನಿಮ್ಮ ಸಸ್ಯಾಹಾರಿ ಬೆಕ್ಕು ನೋಡ್ಬೇಕಂತೆ. ಬೆಳಿಗ್ಗೆಯಿಂದ ಒಂದೇ ಸಮ ಪ್ರಾಣ ತಿಂತಿದಾಳೆ. ಎಲ್ಲಿದೆ?"

ಕೆಲಸದ ಹೆಂಗಸರು ತಲೆ ತಗ್ಗಿಸಿದರು. ರಾಜಕ್ಕ ಹಂಚಿನಿಂದ ರೊಟ್ಟಿ ಎತ್ತಿ ಪಕ್ಕಕ್ಕಿಟ್ಟಳು.

"ಸತ್ತುಹೋಯ್ತಮ್ಮ. ನಾನೇ ಕೊಂದೆ" ಎಂದಳು. "ದಿನಾ ಮೂರು ಹೊತ್ತು ಊಟ ಹಾಕಿ, ಹಸಿವಿನಿಂದ ಕೊಂದೆ. ಮೊದಲು ಕಣ್ಣು ಕಿತ್ತುಕೊಂಡೆ, ಆಮೇಲೆ ಜೀವ."

"ಅಯ್ಯೋ, ಯಾಕೆ ಹಾಗಂತೀರಾ..."

"ಅವತ್ತು ಮಹಡಿ ಮೇಲೆ ಮೀನಿನ ವಾಸನೆ ಅಂದ್ರಲ್ಲ, ಅದು ನಮ್ಮ ಮನೇದೇ. ಪುಟ್ಟಲಕ್ಷ್ಮಿಯವರದ್ದಲ್ಲ. ಅವರ ಮೇಲೆ ಸುಳ್ಳು ಹಾಕಿದೆ. ಅದು ಬೆಕ್ಕಿನ ಔಷಧಿ. ನೀವು ಹೋದ ಮೇಲೆ ಎಸೆದೆ. ದಾಸೋಹದ ರೊಟ್ಟಿ ಬಡೀತಿರುವಾಗ ಅದು ಮೇಲೆ ಸಾಯ್ತಾ ಕೂಗ್ತಿತ್ತು. ನಾನು ರೊಟ್ಟಿ ಇಳಿಸಿ ಹೋದೆ."

ಶಿವರಂಜನಿಯ ಕಣ್ಣು ರಾಜಕ್ಕನ ಕೈಯ ಮೇಲೆ ಹೋಯಿತು, ಅಲ್ಲಿಂದ ತನ್ನ ಕೈಯಲ್ಲಿದ್ದ ಕಟ್ಟಿನ ಮೇಲೆ ಬಂತು. "ಇನ್ನೊಂದ್ಸಲ ಬರ್ತೀನಿ ರಾಜಕ್ಕ" ಎಂದು ಮೆಲ್ಲಗೆ ಹೇಳಿ, ರೊಟ್ಟಿಯ ಕಟ್ಟನ್ನು ಕಟ್ಟೆಯ ಮೇಲಿಟ್ಟು, ಮೊಮ್ಮಗಳ ಕೈ ಹಿಡಿದು ಹೊರಟಳು. ಮಗು ತಿರುಗಿ ತಿರುಗಿ ನೋಡುತ್ತ, "ಅಜ್ಜೀ, ಬೆಕ್ಕು ಏನ್ ತಿನ್ನಬೇಕಿತ್ತು?" ಎಂದು ಕೇಳುತ್ತಿದ್ದುದು ಗೇಟಿನವರೆಗೂ ಕೇಳಿಸಿತು.

ರಾಜಕ್ಕ ಕಟ್ಟೆಯ ಮೇಲಿದ್ದ ಕಟ್ಟನ್ನು ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದಳು. ಅಲ್ಲಿ ಈಗ ಬಲೆ ಇಲ್ಲ. ಗೋಡೆಯ ಮೇಲೆ ರೊಟ್ಟಿಯನ್ನಿಟ್ಟು, "ಪುಟ್ಟಲಕ್ಷ್ಮೀ" ಎಂದು ಕರೆದು, ಅಲ್ಲೇ ಕಾಯುತ್ತ ನಿಂತಳು.